ಹಳೇ ಮಿಯಾಟಾಗೆ ಶಾರ್ಟ್ ಶಿಫ್ಟರ್ ಹಾಕಿಸಲಾ, ಬೇಡವಾ?

ಮುದ್ದೆಕೋಲು:
ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಯಲ್ಲಿದ್ದೇನೆ. ಹೋದ ತಿಂಗಳು 1999ರ ಮಾಜ್ದಾ ಮಿಯಾಟಾ ಒಂದನ್ನು ಸೆಕೆಂಡ್ ಹ್ಯಾಂಡ್ ತಗೊಂಡೆ. 1.8 ಲೀಟರ್ ಎಂಜಿನ್, 5 ಗೇರ್, ಓಡಿರುವುದು 1,30,000 ಮೈಲಿ. ಎರಡೇ ಸೀಟು, ಎರಡು ಚೀಲ ತರಕಾರಿ ಇಟ್ಟರೆ ಡಿಕ್ಕಿ ಮುಗಿಯಿತು, ಹಾಗಾಗಿ ಮನೆಯಲ್ಲಿ ಇದನ್ನು ಇನ್ನೂ ಕಾರು ಅಂತ ಒಪ್ಪಿಲ್ಲ.

ನಾನು ಗಾಡಿ ಕಲಿತದ್ದು ಹಾಸನದಲ್ಲಿ, ಚಿಕ್ಕಪ್ಪನ ಓಮ್ನಿಯಲ್ಲಿ. ಅದರಲ್ಲಿ ಗೇರ್ ಹಾಕುವುದು ಅಂದರೆ ಮುದ್ದೆ ತಿರುವಿದ ಹಾಗೆ, ಕೋಲು ಎತ್ತ ಹೋಯಿತೋ ಅತ್ತ ಒಂದು ಗೇರ್. ಮಿಯಾಟಾದ ಗೇರ್ ಬೆಣ್ಣೆ ಥರ, ಮಣಿಕಟ್ಟು ಆಡಿಸಿದರೆ ಸಾಕು ಅಂತ ಓದಿ ಓದಿ ಆಸೆಪಟ್ಟು ತಗೊಂಡರೆ ನನ್ನದು ಓಮ್ನಿಯ ತಮ್ಮ. ನ್ಯೂಟ್ರಲ್‌ನಲ್ಲಿ ರಾಡ್ ಸುಮ್ನೆ ಅಲ್ಲಾಡುತ್ತದೆ. ಬೆಳಗ್ಗೆ ಎರಡನೇ ಗೇರ್ ಗರ್ ಅನ್ನುತ್ತದೆ. ಗೇರ್ ಹತ್ತಿರದಿಂದ ಬಿಸಿ ಗಾಳಿ, ಜೊತೆಗೆ ಸುಟ್ಟ ಎಣ್ಣೆಯ ವಾಸನೆ ಬೇರೆ.

ಶಾರ್ಟ್ ಶಿಫ್ಟರ್, ಅಂದರೆ ಗೇರ್ ಹಾಕುವಾಗ ಕೈ ಕಮ್ಮಿ ಓಡಾಡುವಂಥ ರಾಡ್, ನೋಡುತ್ತಿದ್ದೇನೆ. 70 ಡಾಲರಿಗೂ ಇದೆ, 220ಕ್ಕೂ ಇದೆ. ಒಂದರಲ್ಲಿ 30 ಪರ್ಸೆಂಟ್ ಕಮ್ಮಿ ಅಂತಾರೆ, ಇನ್ನೊಂದರಲ್ಲಿ 40. ಯಾವುದು ತಗೊಳ್ಳಲಿ?

ಗ್ರೀಸ್_ಕೈ:
ಗುರು, ದುಡ್ಡು ಸದ್ಯಕ್ಕೆ ಜೇಬಲ್ಲೇ ಇರಲಿ. ನೀವು ಹೇಳುತ್ತಿರುವುದು ರಾಡ್ ಉದ್ದ ಆದ ತೊಂದರೆ ಅಲ್ಲ, ಬುಶ್, ಅಂದರೆ ರಾಡ್ ಅಲ್ಲಾಡದ ಹಾಗೆ ಹಿಡಿದಿಡುವ ಸಣ್ಣ ತುಂಡು, ಸವೆದ ತೊಂದರೆ.

ಈ ಗಾಡಿಯಲ್ಲಿ ರಾಡ್ ನೇರವಾಗಿ ಗೇರ್‌ಬಾಕ್ಸ್ ಮೇಲೇ ಕೂತಿದೆ, ನಡುವೆ ಕೇಬಲ್ಲೂ ಇಲ್ಲ, ಲಿಂಕೂ ಇಲ್ಲ. ರಾಡಿನ ಬುಡ ಇಳಿಯುವುದು ಪುಟ್ಟ ಬಾವಿಯಂಥ ಒಂದು ಜಾಗಕ್ಕೆ, ಟರೆಟ್ ಅಂತಾರೆ. 5 ಗೇರಿನ ಬಾಕ್ಸಲ್ಲಿ ಆ ಬಾವಿಗೆ ಅದರದ್ದೇ ಎಣ್ಣೆ, ಸುಮಾರು 80-90 ಎಂ.ಎಲ್. ಕೆಳಗಿರುವ 2 ಲೀಟರ್ ಗೇರ್ ಆಯಿಲ್‌ಗೂ ಇದಕ್ಕೂ ಸಂಬಂಧ ಇಲ್ಲ. ಅದಕ್ಕೇ ಗೇರ್ ಆಯಿಲ್ ತಪ್ಪದೆ ಬದಲಾಯಿಸಿದವರು ಕೂಡ ಇದನ್ನು ಮುಟ್ಟಿರುವುದಿಲ್ಲ. ಇಷ್ಟು ವರ್ಷ ಆಯಿತಲ್ಲ, ನಿಮ್ಮದು ಒಣಗಿರುತ್ತದೆ, ಇಲ್ಲ ಕೀಲೆಣ್ಣೆ ಥರ ಕಪ್ಪಗಾಗಿರುತ್ತದೆ.

ರಾಡಿನ ತುದಿಗೆ ಪ್ಲಾಸ್ಟಿಕ್ಕಿನ ಟೋಪಿಯಂಥ ಬುಶ್ ಒಂದಿದೆ, ಅದು ಪುಡಿಯಾದರೆ ಅಲ್ಲಾಟ ಶುರು. ಮೇಲೆ ಮುಚ್ಚುವ ಸಣ್ಣ ರಬ್ಬರ್ ಮುಸುಕು, ಬೂಟ್ ಅಂತಾರೆ, ಹರಿದರೆ ಬಿಸಿ ಮತ್ತು ವಾಸನೆ ಒಳಗೆ ಬರುತ್ತದೆ. ಬುಶ್, ಎರಡು ಬೂಟ್ ಎಲ್ಲಾ ಸೇರಿದ ರಿಪೇರಿ ಕಿಟ್ ಸಿಗುತ್ತದೆ, ಶಿಫ್ಟರ್‌ಗಿಂತ ತುಂಬಾ ಅಗ್ಗ. ಗಾಡಿ ಕೆಳಗೆ ಮಲಗುವುದೂ ಬೇಡ, ಮೇಲಿನಿಂದಲೇ ಆಗುತ್ತದೆ. ಹಳೇ ಎಣ್ಣೆಯನ್ನು ಸಿರಿಂಜಲ್ಲಿ ಎಳೆದು ಹೊಸ 75ಡಬ್ಲ್ಯೂ-90 ಗೇರ್ ಆಯಿಲ್ ಹಾಕಿ. ಒಡೆದ ಬುಶ್ ಚೂರು ಬಾವಿಯೊಳಗೆ ಬಿದ್ದಿದ್ದರೆ ಹುಡುಕಿ ತೆಗೆಯಿರಿ, ಬಿಟ್ಟುಬಿಡಬೇಡಿ.

ಕುಡ್ಲದ_ಗೇರ್:
ನಾನು ಶಾರ್ಟ್ ಶಿಫ್ಟರ್ ಹಾಕಿಸಿ, ಎಂಟು ತಿಂಗಳು ಓಡಿಸಿ, ತೆಗೆದು ಬಿಸಾಡಿದವ. ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೇಜಾರು ಮಾಡಬೇಡಿ ಮಾರಾಯ್ರೇ.

ಇದರಲ್ಲಿ ಮಾಯ ಏನೂ ಇಲ್ಲ, ಬರೀ ಹಾರೆಯ ಲೆಕ್ಕ. ರಾಡ್ ತಿರುಗುವ ಗುಂಡಿನಿಂದ ಮೇಲೆ ಕೈ ಹಿಡಿಯುವ ಭಾಗ, ಕೆಳಗೆ ಗೇರ್ ತಳ್ಳುವ ಭಾಗ. ಕೆಳಗಿನದ್ದನ್ನು ಉದ್ದ ಮಾಡಿದರೆ ಮೇಲೆ ಕೈ ಕಮ್ಮಿ ಓಡಾಡುತ್ತದೆ. ಆದರೆ ಕೈ ಎಷ್ಟು ಕಮ್ಮಿ ಓಡಾಡಿತೋ ಬಲ ಅಷ್ಟು ಜಾಸ್ತಿ ಬೇಕು. 30 ಪರ್ಸೆಂಟ್ ಕಮ್ಮಿ ಅಂದರೆ ಬಲ 30 ಅಲ್ಲ, ಸುಮಾರು 43 ಪರ್ಸೆಂಟ್ ಜಾಸ್ತಿ. 40 ಕಮ್ಮಿ ಅಂದರೆ 67. ಇದನ್ನು ಡಬ್ಬಿ ಮೇಲೆ ಯಾರೂ ಬರೆಯುವುದಿಲ್ಲ.

ಒಳಗೆ ಸಿಂಕ್ರೋ ಅಂತ ಹಿತ್ತಾಳೆ ಬಳೆ ಇರುತ್ತದೆ. ಗೇರ್ ಕೂರುವ ಮೊದಲು ಅದು ಉಜ್ಜಿಕೊಂಡು ಎರಡು ಕಡೆಯ ವೇಗ ಸಮ ಮಾಡಬೇಕು. ಅದಕ್ಕೆ ಬೇಕಾದ ಸಮಯ ರಾಡ್ ಗಿಡ್ಡ ಮಾಡಿದ್ದಕ್ಕೆ ಕಮ್ಮಿ ಆಗುವುದಿಲ್ಲ. ಚಳಿಯಲ್ಲಿ ಎಣ್ಣೆ ಗಟ್ಟಿ, ಎರಡನೇ ಗೇರ್ ಮೊದಲೇ ಗೊಣಗುತ್ತದೆ, ನೀವು ಜೋರಾಗಿ ತಳ್ಳಿದರೆ ಆ ಬಳೆಯೇ ಸವೆಯುವುದು.

ಇನ್ನೊಂದು. ಗಿಡ್ಡ ಆಗುವುದು ಹಿಂದೆ ಮುಂದೆ ಮಾತ್ರ ಅಲ್ಲ, ಅಡ್ಡಕ್ಕೂ ಆಗುತ್ತದೆ. ಮೂರರಿಂದ ನಾಲ್ಕಕ್ಕೆ ಅಂತ ಎಳೆದದ್ದು ಎರಡಕ್ಕೆ ಬಿದ್ದರೆ? ಈ ಬಾಕ್ಸಲ್ಲಿ ಗೇರ್ ಅನುಪಾತ ಮೂರನೆಯದಕ್ಕೆ 1.330, ಎರಡನೆಯದಕ್ಕೆ 1.888, ಅಂದರೆ ಅದೇ ವೇಗದಲ್ಲಿ ಎರಡನೆಯದರಲ್ಲಿ ಎಂಜಿನ್ ಅಷ್ಟು ಜಾಸ್ತಿ ತಿರುಗಬೇಕು. 6,500 ಆರ್‌ಪಿಎಂನಲ್ಲಿ ಹಾಗಾದರೆ ಎಂಜಿನ್ 9,200 ದಾಟುತ್ತದೆ, ಎಂಜಿನ್ ಮಿತಿಯ ಕೆಂಪು ಗೆರೆ ಇರುವುದೇ 7,000ಕ್ಕೆ. ನನಗೆ ಒಮ್ಮೆ ಕೂದಲೆಳೆಯಲ್ಲಿ ತಪ್ಪಿತು. ಅಲ್ಲದೆ ನಾನು ತಗೊಂಡ ಅಗ್ಗದ ಮಾಲಿನಲ್ಲಿ ಗುಂಡು ಸರಿಯಾಗಿ ಕೂರುತ್ತಿರಲಿಲ್ಲ, ಹೈವೇಯಲ್ಲಿ ಜೀರುಂಡೆ ಥರ ಝೀ ಅಂತ ಸದ್ದು.

ಟ್ರ್ಯಾಕ್_ಭಾನುವಾರ:
ಎಲ್ಲರೂ ಹೆದರಿಸಿದರೆ ಹೇಗೆ? ನನ್ನ ಗಾಡಿಯಲ್ಲಿ ಆರು ವರ್ಷದಿಂದ ಇದೆ, ಬಾಕ್ಸ್ ಗಟ್ಟಿಯಾಗಿದೆ. ಒಳ್ಳೇ ಮಾಲು ತಗೊಳ್ಳಿ, 20-25 ಪರ್ಸೆಂಟಿಗೆ ನಿಲ್ಲಿಸಿ, ಗೇರ್ ಗುದ್ದಬೇಡಿ, ಅಷ್ಟೇ. ಬಲ ಜಾಸ್ತಿ ಬೇಕು ನಿಜ, ಆದರೆ ಗೇರ್ ಕೂತಾಗ ಕೈಗೆ ಗೊತ್ತಾಗುವ ಆ ಟಕ್ ನನಗೆ ಇಷ್ಟ. ಅದು ರುಚಿಯ ಮಾತು, ಲೆಕ್ಕ ಹಾಕಿ ಗೆಲ್ಲೋಕಾಗಲ್ಲ. ಬುಶ್ ಮೊದಲು ಅನ್ನುವುದಕ್ಕೆ ಮಾತ್ರ ನಾನೂ ಕೈ ಎತ್ತುತ್ತೇನೆ. ನನ್ನ ತಮ್ಮನ ಸುಬಾರು ಡಬ್ಲ್ಯೂಆರ್‌ಎಕ್ಸ್‌ನಲ್ಲಿ ರಾಡಿಗೂ ಬಾಕ್ಸಿಗೂ ನಡುವೆ ಲಿಂಕ್ ಇದೆ, ಅಲ್ಲಿ ಬುಶ್ ಬದಲಿಸಿದ್ದಕ್ಕೇ ಅರ್ಧ ಕಾಯಿಲೆ ವಾಸಿ ಆಯಿತು.

ಗ್ರೀಸ್_ಕೈ:
ಒಂದು ಮರೆತೆ. ಎಂಜಿನ್ ಆಫ್ ಮಾಡಿ ಎಲ್ಲಾ ಗೇರ್ ಹಾಕಿ ನೋಡಿ. ಆಮೇಲೆ ಸ್ಟಾರ್ಟ್ ಮಾಡಿ, ನಿಂತಲ್ಲೇ ಕ್ಲಚ್ ಪೂರ್ತಿ ಒತ್ತಿ ಫಸ್ಟ್, ರಿವರ್ಸ್ ಹಾಕಿ. ಆಫ್ ಇದ್ದಾಗ ಸಲೀಸು, ಆನ್ ಇದ್ದಾಗ ಬಿಗಿ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಈ ಗಾಡಿಗಳಲ್ಲಿ ಕ್ಲಚ್ ಸ್ಲೇವ್ ಸಿಲಿಂಡರ್, ಅಂದರೆ ಪೆಡಲ್ ಒತ್ತಿದಾಗ ದ್ರವದ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ, ಸೋರುವುದು ಮಾಮೂಲಿ. ಅದರ ರಬ್ಬರ್ ಟೋಪಿ ಸರಿಸಿ ನೋಡಿ, ಒಳಗೆ ಒದ್ದೆ ಇದ್ದರೆ ಕಳ್ಳ ಅದೇ.

ಮುದ್ದೆಕೋಲು:
ಎರಡು ವಾರ ಆದ ಮೇಲೆ ಬರೆಯುತ್ತಿದ್ದೇನೆ, ಸಾರಿ. ಸ್ಲೇವ್ ಸಿಲಿಂಡರ್ ಒಣಗಿಯೇ ಇತ್ತು, ಬಚಾವ್. ಶನಿವಾರ ಟರೆಟ್ ಬಿಚ್ಚಿದೆ. ಸಣ್ಣ ಬೂಟ್ ಮೂರು ಕಡೆ ಸೀಳಿತ್ತು, ಒಳಗಿನ ಎಣ್ಣೆ ಅಂದರೆ ಡಿಕಾಕ್ಷನ್ ಪಾತ್ರೆಯ ತಳ. ತುದಿಯ ಬುಶ್ ಇರಲೇ ಇಲ್ಲ! ಎರಡು ಚೂರು ಚಿಮುಟದಲ್ಲಿ ಸಿಕ್ಕವು. ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲಾ ಮುಗಿಯಿತು.

ಓಡಿಸಿ ನಕ್ಕುಬಿಟ್ಟೆ. ಅಲ್ಲಾಟ ಇಲ್ಲ, ವಾಸನೆ ಇಲ್ಲ, ರಾಡ್ ಮೊದಲೇ ಇಷ್ಟು ಗಿಡ್ಡ ಇತ್ತು ಅಂತ ನನಗೆ ಗೊತ್ತೇ ಆಗಿರಲಿಲ್ಲ. ಎರಡನೇ ಗೇರ್ ಮಾತ್ರ ಬೆಳಗ್ಗೆ ಮೊದಲ ಒಂದೆರಡು ಮೈಲಿ ಇನ್ನೂ ಮುನಿಸಿಕೊಂಡಿರುತ್ತದೆ, ಆಮೇಲೆ ಸರಿ ಹೋಗುತ್ತದೆ. ಶಿಫ್ಟರ್ ಸದ್ಯಕ್ಕೆ ಬೇಡ. ಆದರೆ ರಾಡಿನ ಮೇಲೆ ಕೈ ಹಿಡಿಯುವ ಕಡೆ ತೂಕದ ನಾಬ್ ಹಾಕಿದರೆ ಇನ್ನೂ ಚೆನ್ನಾಗಿರುತ್ತದೆ ಅಂತಾರಲ್ಲ, ಹೌದಾ?

ಕುಡ್ಲದ_ಗೇರ್:
ಹೌದು, ತೂಕ ಇದ್ದರೆ ಗೇರ್ ತಾನೇ ಜಾರಿದ ಹಾಗೆ ಅನಿಸುತ್ತದೆ. ನಾಬ್ ತಿರುಗಿಸಿ ಕೂರಿಸುವ ಥ್ರೆಡ್‌ನ ಅಳತೆ ಎಂ10, 1.25 ಪಿಚ್, ನೋಡಿಕೊಂಡು ತಗೊಳ್ಳಿ. ಸ್ಟೀಲಿನದ್ದು ತಗೊಂಡರೆ ಜನವರಿಯಲ್ಲಿ ಮಂಜುಗಡ್ಡೆ ಹಿಡಿದ ಹಾಗೆ ಇರುತ್ತದೆ. ನಾನು ಅದಕ್ಕೆ ಮಗಳ ಹಳೇ ಕಾಲುಚೀಲ ಹಾಕಿದ್ದೇನೆ.