ದುಃಖದಲ್ಲಿದ್ದವರಿಗೆ ‘ಎಲ್ಲದರಲ್ಲೂ ಸ್ತೋತ್ರ ಮಾಡಿ’ ಎಂದು ಕಳುಹಿಸಿದೆ, ‘ಯಾವುದಕ್ಕೆ?’ ಎಂದು ಉತ್ತರ ಬಂತು

ಐದೂವರೆ ಅಲಾರಂ (ಪ್ರಶ್ನೆ):

ಎಲ್ಲರಿಗೂ ವಂದನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಚರ್ಚ್ ಸಭೆಯ ಹೆಂಗಸರ ವಾಟ್ಸಾಪ್ ಗುಂಪಿಗೆ ದಿನಾ ಬೆಳಗ್ಗೆ 5:30ಕ್ಕೆ ಸತ್ಯವೇದದ (ಬೈಬಲಿನ) ಒಂದು ವಾಕ್ಯ ಕಳುಹಿಸುವುದು ನನ್ನ ಕೆಲಸ. ಯಾರೂ ಒಪ್ಪಿಸಿದ್ದಲ್ಲ, ನಾನೇ ಶುರು ಮಾಡಿಕೊಂಡಿದ್ದು. ಆರು ವರ್ಷ ಆಯಿತು. ಜ್ವರ ಬಂದಾಗಲೂ ತಪ್ಪಿಸಿಲ್ಲ. (ಅದರ ಬಗ್ಗೆ ಒಂದಿಷ್ಟು ಹೆಮ್ಮೆ ಇತ್ತು, ಅದನ್ನೂ ಹೇಳಿಬಿಡುತ್ತೇನೆ.) ಹಿಂದೆ ಹೂವೋ ಸೂರ್ಯೋದಯವೋ ಇರುವ ಒಂದು ಚಿತ್ರ, ಅದರ ಮೇಲೆ ವಾಕ್ಯ, ಕೆಳಗೆ ಎರಡು ಸಾಲು ನನ್ನ ಮಾತು. ಗುಂಪಿನಲ್ಲಿ 38 ಜನ. ಹತ್ತು ಹನ್ನೆರಡು ಜನ ‘ಆಮೆನ್’ ಹಾಕುತ್ತಾರೆ. ಉಳಿದವರು ಓದುತ್ತಾರೋ ಇಲ್ಲವೋ, ನನಗೆ ಗೊತ್ತಿಲ್ಲ.

ಹೋದ ಮಂಗಳವಾರ 1 ಥೆಸಲೊನೀಕ 5:18ರ ಸರದಿ. ಎಲ್ಲದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ ಎನ್ನುವ ವಾಕ್ಯ. ಹಳದಿ ಹೂವಿನ ಚಿತ್ರ. ಕೆಳಗೆ ‘ಇವತ್ತು ದೂರು ಬೇಡ, ಸ್ತೋತ್ರ ಇರಲಿ’ ಎಂದು ಬರೆದೆ. ಗುಂಪಿಗೆ ಹಾಕಿದ್ದು ಸಾಲದು ಎಂದು ಒಬ್ಬ ಅಕ್ಕನಿಗೆ ಬೇರೆಯಾಗಿಯೂ ಕಳುಹಿಸಿದೆ. ಅವರ ಗಂಡ ತೀರಿಕೊಂಡು ಆವತ್ತಿಗೆ ಏಳು ವಾರ. ಆರಾಧನೆಗೆ ಬರುವುದನ್ನು ನಿಲ್ಲಿಸಿದ್ದರು. ಸ್ವಲ್ಪ ಧೈರ್ಯ ಬರಲಿ ಅಂತ ಕಳುಹಿಸಿದ್ದು, ಅಷ್ಟೇ.

ಹತ್ತು ನಿಮಿಷಕ್ಕೆ ಉತ್ತರ ಬಂತು. ಒಂದೇ ಪದ. ‘ಯಾವುದಕ್ಕೆ?’

ಮೊದಲು, ಎಲ್ಲವೂ ಒಳ್ಳೆಯದಕ್ಕೇ ಆಗುತ್ತದೆ ಎನ್ನುವ ರೋಮಾ 8:28 ಟೈಪ್ ಮಾಡಿದೆ, ಅಳಿಸಿದೆ. ಆಮೇಲೆ ‘ತಪ್ಪು ತಿಳಿಯಬೇಡಿ ಅಕ್ಕ’ ಅಂತ ಬರೆದೆ, ಅದನ್ನೂ ಅಳಿಸಿದೆ. ಇವತ್ತಿಗೆ ನಾಲ್ಕು ದಿನ. ಇನ್ನೂ ಏನೂ ಹೇಳಿಲ್ಲ. ಬುಧವಾರದ ಚಿತ್ರ ಮೊದಲೇ ತಯಾರಿತ್ತು, ಎಫೆಸ 4:1, ನಿಮ್ಮ ಕರೆಗೆ ಯೋಗ್ಯರಾಗಿ ನಡೆಯಿರಿ ಎನ್ನುವುದು. ಅದನ್ನು ಕಳುಹಿಸುವಾಗ ನನಗೇ ನಾಚಿಕೆ ಆಯಿತು.

ನಾನು ಕೇಳಬೇಕಾದದ್ದು ಇಷ್ಟು. ಆ ಅಕ್ಕನಿಗೆ ಏನು ಹೇಳಲಿ? ವಾಕ್ಯ ತಪ್ಪಾಗಲು ಸಾಧ್ಯವಿಲ್ಲ, ಹಾಗಾದರೆ ತಪ್ಪಿದ್ದು ಎಲ್ಲಿ? ಈ ಕೆಲಸ ನಿಲ್ಲಿಸಿಬಿಡಲೇ?

ಸುಮ್ನೆ ಓದುವವನು:

ನಾಲ್ಕು ದಿನ ಜಾಸ್ತಿ ಆಯಿತು. ‘ಅಕ್ಕ, ನನ್ನಿಂದ ತಪ್ಪಾಯಿತು’ ಎಂದು ಈಗಲೇ ಕಳುಹಿಸಿ. ವಿವರಣೆ ಬೇಡ, ವಚನವಂತೂ ಬೇಡವೇ ಬೇಡ. ಆಮೇಲೆ ಬಂದು ಉಳಿದದ್ದನ್ನು ಇಲ್ಲಿ ಚರ್ಚಿಸಿ.

ಹಳೇ ಕನ್ನಡಕ:

ಮೇಲಿನವರ ಮಾತು ಸರಿ, ಅದನ್ನು ಮೊದಲು ಮಾಡಿ. ‘ತಪ್ಪಿದ್ದು ಎಲ್ಲಿ’ ಎನ್ನುವುದಕ್ಕೆ ನನಗೆ ತೋಚಿದ್ದು ಹೇಳುತ್ತೇನೆ. ನಾನು ಪಾಸ್ಟರ್ ಅಲ್ಲ. ಲೆಕ್ಕ ಬರೆಯುವ ಕೆಲಸದಿಂದ ನಿವೃತ್ತನಾದವನು. ವಾರಕ್ಕೊಮ್ಮೆ ನಾಲ್ಕೈದು ಜನರ ಜೊತೆ ಕೂತು ಪತ್ರಗಳನ್ನು ಓದುತ್ತೇನೆ, ಅಷ್ಟೇ ನನ್ನ ಅರ್ಹತೆ.

ನೀವು ಕಳುಹಿಸಿದ ವಾಕ್ಯ ಒಂದು ಪತ್ರದ ಕೊನೆಯ ಭಾಗ. ಆ ಪತ್ರ ಯಾಕೆ ಬರೆದದ್ದು ಅಂತ ಒಮ್ಮೆ ನೋಡಿ. ಅಪೊಸ್ತಲರ ಕೃತ್ಯಗಳು 17ರಲ್ಲಿದೆ: ಈ ಪತ್ರ ಬರೆದ ಅಪೊಸ್ತಲ ಪೌಲ ಥೆಸಲೊನೀಕ ಎನ್ನುವ ಊರಿನ ಯೆಹೂದ್ಯರ ಸಭಾಮಂದಿರದಲ್ಲಿ ಮೂರು ಸಬ್ಬತ್ (ವಾರದ ವಿಶ್ರಾಂತಿಯ ದಿನ) ಮಾತಾಡಿದ. ಗಲಭೆ ಎದ್ದಿತು. ಜನ ಅವರನ್ನು ಇಳಿಸಿಕೊಂಡಿದ್ದ ಯಾಸೋನನ ಮನೆಗೆ ನುಗ್ಗಿದರು. ರಾತ್ರೋರಾತ್ರಿ ಪೌಲ ಮತ್ತು ಅವನ ಜೊತೆಗಾರ ಸೀಲರನ್ನು ಬೆರೋಯ ಎನ್ನುವ ಊರಿಗೆ ಸಾಗಿಸಬೇಕಾಯಿತು. ಹಿಂದೆ ಉಳಿದದ್ದು ಈಗಷ್ಟೇ ನಂಬಿದ ಒಂದು ಗುಂಪು. ವಾಪಸ್ ಹೋಗಬೇಕೆಂದು ಪೌಲ ಒಂದೆರಡು ಸಲ ಪ್ರಯತ್ನಪಟ್ಟ, ಆಗಲಿಲ್ಲ. ತಾಳಲಾರದೆ, ತಾನು ಅಥೇನೆಯಲ್ಲಿ ಒಬ್ಬನೇ ಉಳಿದರೂ ಪರವಾಗಿಲ್ಲ ಎಂದು ಜೊತೆಗಾರ ತಿಮೊಥೆಯನ್ನು ಕಳುಹಿಸಿದ. ತಿಮೊಥೆ ಒಳ್ಳೆಯ ಸುದ್ದಿ ತಂದ ಮೇಲೆ ಬರೆದ ಪತ್ರ ಇದು. ಕ್ರಿ.ಶ. 50-51ರ ಸುಮಾರಿನದು. ಅಂದರೆ ಪತ್ರಕ್ಕಿಂತ ಮುಂಚೆ ಒಬ್ಬ ಮನುಷ್ಯ ಹೋಗಿ ಬಂದಿದ್ದ.

ಇನ್ನೊಂದು ವಿಷಯ. ಆ ಸಭೆಯಲ್ಲೂ ಸಾವಾಗಿತ್ತು. 4ನೇ ಅಧ್ಯಾಯ ಪೂರ್ತಿ ಓದಿ. ತೀರಿಕೊಂಡವರ ಬಗ್ಗೆ ಅವರು ಕಂಗೆಟ್ಟಿದ್ದರು. ನಿರೀಕ್ಷೆ ಇಲ್ಲದವರ ಹಾಗೆ ದುಃಖಿಸಬೇಡಿ ಎನ್ನುತ್ತಾನೆ ಪೌಲ. ದುಃಖಿಸಲೇಬೇಡಿ ಅನ್ನುವುದಿಲ್ಲ. ಕರ್ತನು ಬರುವಾಗ ಅವರೂ ನಾವೂ ಒಟ್ಟಿಗೆ ಇರುತ್ತೇವೆ ಎಂದು ಹೇಳಿ, ಈ ಮಾತುಗಳಿಂದ ಒಬ್ಬರನ್ನೊಬ್ಬರು ಸಂತೈಸಿ ಎನ್ನುತ್ತಾನೆ. ಇಷ್ಟೆಲ್ಲ ಆದಮೇಲೆ, 5ನೇ ಅಧ್ಯಾಯದಲ್ಲಿ ನಿಮ್ಮ ಹಳದಿ ಹೂವಿನ ವಾಕ್ಯ ಬರುವುದು. ಅದಕ್ಕೂ ನಾಲ್ಕು ವಚನ ಮುಂಚೆ, 5:14ರಲ್ಲಿ, ಯಾರನ್ನು ಹೇಗೆ ನೋಡಿಕೊಳ್ಳಬೇಕು ಅಂತ ಬೇರೆ ಬೇರೆಯಾಗಿ ಇದೆ. ಅಡ್ಡಾದಿಡ್ಡಿ ನಡೆಯುವವರಿಗೆ ಬುದ್ಧಿ ಹೇಳಿ. ಕುಗ್ಗಿದವರನ್ನು ಸಂತೈಸಿ. ಬಲಹೀನರಿಗೆ ಆಧಾರವಾಗಿ. ಎಲ್ಲರ ವಿಷಯದಲ್ಲೂ ತಾಳ್ಮೆ ಇರಲಿ. ಕುಗ್ಗಿದವರಿಗೆ ಬುದ್ಧಿ ಹೇಳಿ ಅಂತ ಇಲ್ಲ, ಅಲ್ವಾ? ‘ದೂರು ಬೇಡ’ ಎನ್ನುವುದು ಬುದ್ಧಿಮಾತು. ಅದನ್ನು ತಪ್ಪಾದ ಮನೆಗೆ ಹಾಕಿದಿರಿ.

5:14ರ ಆ ‘ಸಂತೈಸಿ’ ಎನ್ನುವುದಕ್ಕೆ ಮೂಲದ ಗ್ರೀಕಿನಲ್ಲಿರುವ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ನಾಲ್ಕೇ ಕಡೆ ಇದೆ. ಎರಡು ಈ ಪತ್ರದಲ್ಲಿ. ಇನ್ನೆರಡು ಯೋಹಾನ 11ರಲ್ಲಿ, ಲಾಜರ ಸತ್ತಾಗ ಅವನ ಸಹೋದರಿಯರಾದ ಮಾರ್ಥ ಮರಿಯರ ಮನೆಗೆ ಬಂದ ಜನರ ಬಗ್ಗೆ. ಅವರು ಏನು ಹೇಳಿ ಸಂತೈಸಿದರು ಅಂತ ಯೋಹಾನ ಬರೆದಿಲ್ಲ. ಬಂದರು, ಮನೆಯಲ್ಲಿ ಮರಿಯಳ ಜೊತೆ ಇದ್ದರು, ಅವಳು ಎದ್ದು ಹೋದಾಗ ಹಿಂದೆಯೇ ಹೋದರು. ಕಾಣುವುದು ಇಷ್ಟೇ.

ಇನ್ನು ನಮ್ಮ ಕನ್ನಡದ ಒಂದು ತೊಡಕು. ‘ಮಾಡಿರಿ’ ಅಂದರೆ ನಮಗೆ ಎರಡು ಅರ್ಥ: ಹಲವರಿಗೆ ಹೇಳಿದ್ದು, ಅಥವಾ ಒಬ್ಬರಿಗೇ ಮರ್ಯಾದೆ ಕೊಟ್ಟು ಹೇಳಿದ್ದು. ಗ್ರೀಕಿನಲ್ಲಿ ಅದು ಬಹುವಚನ, ಗೊಂದಲವೇ ಇಲ್ಲ. ಈ ಪತ್ರವನ್ನು ಎಲ್ಲ ಸಹೋದರರಿಗೂ ಓದಿ ಹೇಳಬೇಕು ಎಂದು ಪೌಲ 5:27ರಲ್ಲಿ ಆಣೆ ಇಟ್ಟು ಹೇಳುತ್ತಾನೆ. ಒಂದು ಕೋಣೆ ತುಂಬ ಜನ ಕೂತು ಕೇಳಿಸಿಕೊಂಡ ಮಾತದು. ಅದರಲ್ಲಿ ಆವತ್ತು ಬಾಯಿ ಬಾರದವರೂ ಇದ್ದಿರಬೇಕು, ಪಕ್ಕದಲ್ಲಿ ಕೂತು ಅವರ ಪರವಾಗಿ ಸ್ತೋತ್ರ ಮಾಡಿದವರೂ ಇದ್ದಿರಬೇಕು. ನೀವು ಅದನ್ನು ಕತ್ತರಿಸಿ, ಏಳು ವಾರದಿಂದ ಒಬ್ಬರೇ ಇರುವವರ ಫೋನಿಗೆ ಬೆಳಗ್ಗೆ 5:30ಕ್ಕೆ ಹಾಕಿದಿರಿ. ಅಲ್ಲಿ ‘ಮಾಡಿರಿ’ ಅಂದರೆ ‘ನೀವೊಬ್ಬರೇ ಮಾಡಿ’ ಅಂತಲೇ ಕೇಳಿಸುವುದು. ‘ಯಾವುದಕ್ಕೆ?’ ಎನ್ನುವುದು ನ್ಯಾಯವಾದ ಪ್ರಶ್ನೆ.

ನಿಮ್ಮನ್ನು ಬಯ್ಯುತ್ತಿಲ್ಲ. ಮಗುವನ್ನು ಕಳೆದುಕೊಂಡ ಒಬ್ಬ ತಂದೆಗೆ ನಾನು ‘ದೇವರಿಗೆ ಗೊತ್ತು’ ಎಂದು ಹೇಳಿ, ಹೆಗಲು ತಟ್ಟಿ, ಗಡಿಯಾರ ನೋಡಿಕೊಂಡು ಎದ್ದು ಬಂದಿದ್ದೇನೆ. ಇಪ್ಪತ್ತು ವರ್ಷದ ಮೇಲಾಯಿತು. ಆ ಗಡಿಯಾರ ನೋಡಿದ್ದು ಇವತ್ತಿಗೂ ನೆನಪಾಗುತ್ತದೆ.

ಉಪ್ಪಿನ ಹರಳು:

ಕನ್ನಡಕದವರೇ, ನೀವು ಹೇಳಿದ್ದು ಚೆನ್ನಾಗಿದೆ. ಆದರೆ ವಾಕ್ಯವನ್ನು ತೆಳು ಮಾಡುತ್ತಿದ್ದೇವಾ ಎನ್ನುವ ಭಯ ನನಗೆ. ಥೆಸಲೊನೀಕದಲ್ಲಿ ‘ಎಲ್ಲದರಲ್ಲಿ’ ಅಂತ ಇರಬಹುದು. ಎಫೆಸ 5:20ರಲ್ಲಿ ‘ಎಲ್ಲದಕ್ಕೂ’ ಅಂತಲೇ ಇದೆ. ಅದನ್ನು ಏನು ಮಾಡುತ್ತೀರಿ? ದುಃಖದಲ್ಲಿರುವವರಿಗೆ ಕಷ್ಟವಾಗುತ್ತದೆ ಅಂತ ಕಷ್ಟದ ವಾಕ್ಯಗಳನ್ನೆಲ್ಲ ಪಕ್ಕಕ್ಕಿಟ್ಟರೆ, ಕೊನೆಗೆ ನಮ್ಮ ಕೈಯಲ್ಲಿ ಏನು ಉಳಿಯುತ್ತದೆ?

ಹಳೇ ಕನ್ನಡಕ:

ಇದೆ. ಅದನ್ನು ಸುತ್ತಿ ಬಳಸಿ ತಪ್ಪಿಸಿಕೊಳ್ಳುವ ದಾರಿ ನನಗೆ ಗೊತ್ತಿಲ್ಲ, ಹುಡುಕುವುದೂ ಇಲ್ಲ. ಆದರೆ ಅದನ್ನು ಬರೆದವನೇ ಫಿಲಿಪ್ಪಿಯವರಿಗೆ ಸೆರೆಯಿಂದ ಬರೆಯುವಾಗ, ತನ್ನ ಜೊತೆ ಕೆಲಸಗಾರ ಎಪಫ್ರೊದೀತ ಕಾಯಿಲೆ ಬಿದ್ದು ಸಾಯುವ ಹಾಗಾಗಿದ್ದ ಎನ್ನುತ್ತಾನೆ. ಆ ಕಾಯಿಲೆಗಾಗಿ ಸ್ತೋತ್ರ ಅಂತ ಬರೆದಿಲ್ಲ. ದೇವರು ಅವನನ್ನು ಕರುಣಿಸಿದ, ನನಗೆ ದುಃಖದ ಮೇಲೆ ದುಃಖ ಬರದ ಹಾಗೆ ನನ್ನನ್ನೂ ಕರುಣಿಸಿದ ಎನ್ನುತ್ತಾನೆ (2:27). ಹಿಗ್ಗಿರಿ ಹಿಗ್ಗಿರಿ ಎಂದು ಮತ್ತೆ ಮತ್ತೆ ಹೇಳುವ ಪತ್ರದಲ್ಲೇ ಇದು ಇದೆ.

ಎಫೆಸದ ಮಾತು ತೆಗೆದಿರಿ, ಒಳ್ಳೆಯದಾಯಿತು. ಅಲಾರಂ ಅವರು ಬುಧವಾರ ಕಳುಹಿಸಿದ್ದೂ ಅದೇ ಪತ್ರ. ‘ಯೋಗ್ಯ’ ಎನ್ನುವ ಜಾಗದಲ್ಲಿರುವ ಗ್ರೀಕ್ ಪದ ಆಕ್ಸಿಯೋಸ್. ಎರಡೂ ತಟ್ಟೆ ಸಮ ತೂಗಬೇಕು ಎನ್ನುವ ಅರ್ಥ ಅದರೊಳಗಿದೆ. ಕನ್ನಡದಲ್ಲಿ ‘ಕರೆಗೆ ತಕ್ಕ ಹಾಗೆ’ ಅಂದರೆ ನನಗೆ ತಕ್ಕಡಿಯೇ ನೆನಪಾಗುತ್ತದೆ (ಇದು ವ್ಯಾಕರಣ ಅಲ್ಲ, ಬರೀ ಕಿವಿಗೆ ಕೇಳಿಸುವ ಮಾತು). ಒಂದು ತಟ್ಟೆಯಲ್ಲಿ ದೇವರು ಕೊಟ್ಟ ಕರೆ. ಇನ್ನೊಂದರಲ್ಲಿ ಪೌಲ ಮೊದಲು ಏನು ಇಡುತ್ತಾನೆ? 4:2 ನೋಡಿ. ವಿನಯ, ಸಾತ್ವಿಕತೆ, ದೀರ್ಘಶಾಂತಿ, ಪ್ರೀತಿಯಿಂದ ಒಬ್ಬರನ್ನೊಬ್ಬರು ಸಹಿಸಿಕೊಳ್ಳುವುದು. ಆರು ವರ್ಷ ತಪ್ಪದೆ ಕಳುಹಿಸಿದ್ದು ಆ ಪಟ್ಟಿಯಲ್ಲಿಲ್ಲ. ‘ಯಾವುದಕ್ಕೆ?’ ಎನ್ನುವ ಒಂದು ಪದವನ್ನು ಎದುರು ಮಾತಾಡದೆ ಸಹಿಸಿಕೊಳ್ಳುವುದು ಇದೆ.

ಎರಡನೇ ಸಾಲಿನ ಕುರ್ಚಿ:

ನಾನು ಆ ಅಕ್ಕನ ಜಾಗದಲ್ಲಿ ಕೂತು ಬಂದವಳು. ನನ್ನ ತಂಗಿ ಹೋಗಿ ಮೂರು ವರ್ಷ.

ಅಲಾರಂ ಅವರೇ, ಒಂದು ಮಾತು. ಅವರು ‘ಯಾವುದಕ್ಕೆ?’ ಅಂದರಲ್ಲ, ಅದು ಬಾಗಿಲು ಹಾಕಿದ್ದಲ್ಲ. ಬಾಗಿಲು ಹಾಕುವವರು ಉತ್ತರ ಕೊಡುವುದಿಲ್ಲ, ಕೈ ಮುಗಿಯುವ ಚಿತ್ರ ಹಾಕಿ ಸುಮ್ಮನಾಗುತ್ತಾರೆ. ನಾನು ಎಂಟು ತಿಂಗಳು ಎಲ್ಲರಿಗೂ ಅದನ್ನೇ ಹಾಕುತ್ತಿದ್ದೆ. ನನ್ನ ‘ಆಮೆನ್’ಗಳನ್ನು ನೋಡಿ ಎಲ್ಲರೂ ನಾನು ಚೇತರಿಸಿಕೊಂಡೆ ಅಂದುಕೊಂಡಿದ್ದರು. ಆ ಅಕ್ಕ ನಿಮ್ಮನ್ನು ಕೇಳಿದ್ದಾರೆ. ನಿಮಗೆ ಉತ್ತರ ಗೊತ್ತಿರಬೇಕು ಅಂತೇನಿಲ್ಲ.

ಆ ದಿನಗಳಲ್ಲಿ ನಾನು ಓದಲು ಆಗಿದ್ದು 88ನೇ ಕೀರ್ತನೆ ಒಂದೇ. ಅದು ಕತ್ತಲಲ್ಲೇ ಮುಗಿಯುತ್ತದೆ. ಕೊನೆಗೆ ‘ಆದರೂ’ ಅಂತ ಒಂದು ಸಾಲೂ ಇಲ್ಲ. 13ನೆಯದು ಆರೇ ವಚನ, ಅದರಲ್ಲಿ ‘ಎಷ್ಟರವರೆಗೆ’ ಎನ್ನುವ ಪ್ರಶ್ನೆ ನಾಲ್ಕು ಸಲ, ಆಮೇಲೆ ಹಾಡು ಬರುತ್ತದೆ. ನನಗೆ ಆ ಹಾಡಿನ ತನಕ ಹೋಗಲು ತುಂಬ ಸಮಯ ಬೇಕಾಯಿತು. 88 ಸತ್ಯವೇದದ ಒಳಗೇ ಇದೆಯಲ್ಲ, ಯಾರೂ ಅದನ್ನು ತೆಗೆದು ಹಾಕಿಲ್ಲವಲ್ಲ, ಅಷ್ಟು ಸಾಕಾಗಿತ್ತು.

ನನಗೆ ನಿಜವಾಗಿ ಧೈರ್ಯ ಕೊಟ್ಟವರು ಯಾರು ಗೊತ್ತಾ? ಸಭೆಯಲ್ಲಿ ಜಾಸ್ತಿ ಮಾತಾಡದ ಒಬ್ಬ ಹೆಂಗಸು. ತಂಗಿಯ ಬ್ಯಾಂಕ್ ಖಾತೆ ಮುಚ್ಚಿಸುವ ದಿನ ನನ್ನ ಜೊತೆ ಬಂದು, ಫಾರಂ ಪೂರ್ತಿ ತುಂಬಿದರು. ‘ಮೃತರ ಹೆಸರು’ ಎನ್ನುವ ಜಾಗವನ್ನು ನಾನು ಬರೆಯಲಾರೆ ಎಂದು ಅವರಿಗೆ ಹೇಗೆ ಗೊತ್ತಾಯಿತೋ. ಅಪೊಸ್ತಲರ ಕೃತ್ಯಗಳಲ್ಲಿ ಬಾರ್ನಬ ಅಂತ ಒಬ್ಬ ಬರುತ್ತಾನೆ. ಬಾರ್ನಬ ಅಂದರೆ ಧೈರ್ಯ ಕೊಡುವವನು ಅಂತ ಅರ್ಥ, ಆ ಹೆಸರು ಕೊಟ್ಟವರು ಅಪೊಸ್ತಲರು. ಆದರೆ ಅವನೊಬ್ಬನೇ ಆಡಿದ ಒಂದು ಮಾತನ್ನೂ ಆ ಪುಸ್ತಕ ಬರೆದ ಲೂಕ ಇದ್ದ ಹಾಗೆ ಬರೆದಿಟ್ಟಿಲ್ಲ, ಹುಡುಕಿ ನೋಡಿ. ಹೊಲ ಮಾರಿ ದುಡ್ಡು ತಂದ. ಎಲ್ಲರೂ ಹೆದರುತ್ತಿದ್ದ ಸೌಲನನ್ನು (ಇದೇ ಪೌಲನ ಇನ್ನೊಂದು ಹೆಸರು) ಕರೆದುಕೊಂಡು ಹೋಗಿ ಅಪೊಸ್ತಲರ ಮುಂದೆ ನಿಲ್ಲಿಸಿದ. ಪ್ರಯಾಣವನ್ನು ಅರ್ಧಕ್ಕೆ ಬಿಟ್ಟು ಹೋಗಿದ್ದ ಮಾರ್ಕನನ್ನು ಮತ್ತೆ ಜೊತೆಗೆ ಕರೆದುಕೊಂಡ. ಅದಕ್ಕಾಗಿ ಪೌಲನ ಜೊತೆ ಜಗಳವನ್ನೂ ಆಡಿದ.

ಉಪ್ಪಿನ ಹರಳು:

ಕುರ್ಚಿಯವರೇ, ನಾನು ಮೇಲೆ ಬರೆದದ್ದು ಸ್ವಲ್ಪ ಗಡುಸಾಯಿತು. ಎಫೆಸದ ಪ್ರಶ್ನೆ ನನ್ನಲ್ಲಿ ಇನ್ನೂ ಇದೆ. ಆದರೆ ಅದನ್ನು ಕೇಳುವ ಜಾಗ ಇದಲ್ಲ ಅನ್ನಿಸುತ್ತಿದೆ.

ಐದೂವರೆ ಅಲಾರಂ:

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ‘ತಪ್ಪಾದ ಮನೆಗೆ ಹಾಕಿದಿರಿ’ ಎನ್ನುವುದು ಚುಚ್ಚಿತು, ಸರಿಯಾಗಿಯೇ ಚುಚ್ಚಿತು.

ಮೊದಲು ‘ನನ್ನಿಂದ ತಪ್ಪಾಯಿತು ಅಕ್ಕ’ ಅಂತ ಕಳುಹಿಸಿದೆ. ನೀಲಿ ಗುರುತು ಬಂತು, ಉತ್ತರ ಬರಲಿಲ್ಲ. ಭಾನುವಾರ ಆರಾಧನೆ ಮುಗಿಸಿ ಅವರ ಮನೆಗೆ ಹೋದೆ. ಬ್ಯಾಗಿನಲ್ಲಿ ಸತ್ಯವೇದ ಇತ್ತು, ಹೊರಗೆ ತೆಗೆಯಲಿಲ್ಲ. ‘ನನಗೂ ಗೊತ್ತಿಲ್ಲ ಅಕ್ಕ, ಯಾವುದಕ್ಕೆ ಅಂತ’ ಎಂದೆ. ಅದು ಬಾಯಿಂದ ತಾನಾಗಿಯೇ ಬಂತು. ಅವರು ಬಹಳ ಹೊತ್ತು ಮಾತಾಡಲಿಲ್ಲ. ನನಗೆ ಸುಮ್ಮನೆ ಕೂರುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ, ಮೂರು ಸಲ ಒಂದು ವಚನ ನಾಲಿಗೆ ತುದಿಗೆ ಬಂದು ನಿಂತಿತು. ಆಮೇಲೆ ಅವರೇ ಗಂಡನ ಬಗ್ಗೆ ಹೇಳಿದರು. ಅವರು ಪ್ರಾರ್ಥನೆ ಮಾಡುವಾಗ ನಿದ್ದೆ ಮಾಡಿಬಿಡುತ್ತಿದ್ದರಂತೆ, ಗೊರಕೆಯೂ ಹೊಡೆಯುತ್ತಿದ್ದರಂತೆ, ಇವರು ಮೊಣಕೈಯಿಂದ ತಿವಿದು ‘ಆಮೆನ್’ ಹೇಳಿಸಬೇಕಿತ್ತಂತೆ. ಹೇಳುತ್ತಾ ನಕ್ಕರು, ಆಮೇಲೆ ಅತ್ತರು. ‘ಅದಕ್ಕೆ ಬೇಕಾದರೆ ಸ್ತೋತ್ರ ಮಾಡಬಹುದು’ ಎಂದು ಅವರೇ ಹೇಳಿದರು. ನಾನು ಹೂಂ ಅನ್ನಲೂ ಹೆದರಿದೆ.

ಗುರುವಾರ ಯಾವುದೋ ಕಾಗದಪತ್ರದ ಕೆಲಸಕ್ಕೆ ಹೋಗಬೇಕಂತೆ. ಜೊತೆಗೆ ಬರುತ್ತೇನೆ ಎಂದಿದ್ದೇನೆ. ಪೆನ್ನು ನಾನೇ ಒಯ್ಯುತ್ತೇನೆ, ಕುರ್ಚಿಯವರೇ.

ಇವತ್ತು 5:30ಕ್ಕೆ ಅಲಾರಂ ಹೊಡೆಯಿತು. ಚಿತ್ರ ಕಳುಹಿಸಲಿಲ್ಲ. ಗುಂಪಿನ ಪಟ್ಟಿ ತೆರೆದು 38 ಹೆಸರನ್ನೂ ಒಂದೊಂದಾಗಿ ಓದಿದೆ. ಒಂಬತ್ತು ಜನರ ವಿಷಯದಲ್ಲಿ ಯಾವುದಕ್ಕೆ ಸ್ತೋತ್ರ ಮಾಡಬೇಕು ಅಂತಲೇ ತೋಚಲಿಲ್ಲ, ಅಷ್ಟು ಕಡಿಮೆ ಗೊತ್ತು ನನಗೆ ಅವರ ಬಗ್ಗೆ. ಏಳು ಗಂಟೆಯ ಹೊತ್ತಿಗೆ ಇಬ್ಬರು ‘ಇವತ್ತು ವಾಕ್ಯ ಬಂದಿಲ್ಲವಲ್ಲ, ಹುಷಾರಿಲ್ಲವಾ?’ ಎಂದು ಕೇಳಿದ್ದಾರೆ. ಇಬ್ಬರೂ ಆ ಒಂಬತ್ತರಲ್ಲಿರುವವರೇ. ಸಂಜೆ ಫೋನ್ ಮಾಡಬೇಕು.