‘ಟೈ ದ ನಾಟ್’, ‘ಕೋಲ್ಡ್ ಫೀಟ್’: ಪ್ರೀತಿ, ಮದುವೆಯ ಇಂಗ್ಲಿಷ್ ಮಾತು ಅರ್ಥವಾಗೋದು ಹೇಗೆ?

ಮಡಿಕೇರಿ ಹೋಂಸ್ಟೇ:
ಹೊರದೇಶದ ಅತಿಥಿಗಳು ಪ್ರೀತಿ, ಮದುವೆ ವಿಷಯ ಮಾತಾಡುವಾಗ ಒಂದೊಂದು ಪದವೂ ಗೊತ್ತು, ಒಟ್ಟು ಅರ್ಥ ಮಾತ್ರ ಸಿಗುವುದಿಲ್ಲ. ‘ಟೈ ದ ನಾಟ್’, ‘ಗೆಟ್ ಕೋಲ್ಡ್ ಫೀಟ್’, ‘ಫಾಲ್ ಫಾರ್’ ಇವನ್ನು ಹೇಗೆ ಬಳಸಬೇಕು? ಅವರೆದುರು ‘ಪ್ರಪೋಸ್’ ಅನ್ನಬಹುದಾ?

ವಿರಾಜಪೇಟೆ ಮೇಷ್ಟ್ರು:
ಮೊದಲು ‘ಪ್ರಪೋಸ್’. ಹೆಚ್ಚು ಎಡವಟ್ಟಾಗುವುದು ಅಲ್ಲೇ. ನಮ್ಮಲ್ಲಿ ‘ಪ್ರಪೋಸ್ ಮಾಡಿದ’ ಅಂದರೆ ಪ್ರೀತಿ ಹೇಳಿಕೊಂಡ, ಅಷ್ಟೆ. ಇಂಗ್ಲೆಂಡ್, ಅಮೆರಿಕದವರಿಗೆ ಅದು ‘ಮದುವೆಯಾಗುತ್ತೀಯಾ’ ಎಂದು ಕೇಳಿದ್ದು. ‘ಪಾಪ್ ದ ಕ್ವೆಶ್ಚನ್’ ಕೂಡ ಅದೇ. ಜೊತೆಗೆ ಸುತ್ತಾಡಲು ಕರೆದಿದ್ದರೆ ‘ಆಸ್ಕ್ಡ್ ಹರ್ ಔಟ್’ ಅನ್ನಿ. ‘ಹರ್’ ನಡುವೆಯೇ ಬರಬೇಕು.

‘ಪ್ರಪೋಸ್ಡ್ ಹರ್’ ತಪ್ಪು, ‘ಪ್ರಪೋಸ್ಡ್ ಟು ಹರ್’ ಸರಿ. ‘ಅವಳ ಜೊತೆ ಮದುವೆ’ ಎನ್ನುವ ರೂಢಿಯಿಂದ ‘ಮ್ಯಾರೀಡ್ ವಿತ್’ ಬಾಯಿಗೆ ಬರುತ್ತದೆ, ಅದೂ ‘ಟು’. ಆದರೆ ‘ಇನ್ ಲವ್’ ಮುಂದೆ ‘ವಿತ್’ ಬೇಕು.

‘ಫಾಲ್ ಫಾರ್’ ಮುಂದೆ ವ್ಯಕ್ತಿ ಬಂದರೆ ಮನಸೋತದ್ದು. ಸುಳ್ಳೋ ತಂತ್ರವೋ ಬಂದರೆ ಮೋಸಹೋದದ್ದು. ‘ಫಾಲ್ ಔಟ್ ವಿತ್’ ಅಂದರೆ ಜಗಳವಾಗಿ ದೂರವಾದದ್ದು, ಅದು ಸ್ನೇಹಿತರ ನಡುವೆಯೂ ಆಗಬಹುದು.

ಕಾಫಿತೋಟ, ಗೋಣಿಕೊಪ್ಪ:
‘ಕೋಲ್ಡ್ ಫೀಟ್’ ವಿಷಯದಲ್ಲಿ ಕ್ರಿಯಾಪದ ಗಮನಿಸಿ. ಮಡಿಕೇರಿ ಮಳೆಯಲ್ಲಿ ಅತಿಥಿ ‘ಮೈ ಫೀಟ್ ಆರ್ ಕೋಲ್ಡ್’ ಅಂದರೆ ಕಾಲಿಗೆ ನಿಜವಾಗಿಯೂ ಚಳಿ, ಕಂಬಳಿ ಕೊಡಿ. ‘ಹಿ ಗಾಟ್ ಕೋಲ್ಡ್ ಫೀಟ್’ ಅಂದರೆ ಒಪ್ಪಿಕೊಂಡ ಮೇಲೆ, ಕೊನೇ ಗಳಿಗೆಯಲ್ಲಿ ಧೈರ್ಯ ಕುಸಿಯಿತು. ಪ್ರೀತಿ ಮುಗಿಯಿತು ಅಂತಲ್ಲ, ಮದುವೆ ಮುರಿಯಿತು ಅಂತಲೂ ಅಲ್ಲ.

‘ಟೈ ದ ನಾಟ್’ ಅಂದರೆ ಮದುವೆಯಾಗು. ಮೂರು ಗಂಟಿನ ನೆನಪಲ್ಲಿ ‘ನಾಟ್ಸ್’ ಅನ್ನಬೇಡಿ, ಏಕವಚನವೇ ಸರಿ. ‘ದೇ ಟೈಡ್ ದ ನಾಟ್ ಇನ್ ಮೇ’ ಎಂಬ ಮಾತು ಯಾವ ಪದ್ಧತಿಯ ಮದುವೆಗೂ ಹೊಂದುತ್ತದೆ.

ಮಡಿಕೇರಿ ಹೋಂಸ್ಟೇ:
ಹಾಗಾದರೆ ನಮ್ಮ ಕೊಡವ ಮದುವೆಯನ್ನು ವಿವರಿಸುವಾಗಲೂ ಇದನ್ನೇ ಬಳಸಬಹುದಾ?

ಕಾಫಿತೋಟ, ಗೋಣಿಕೊಪ್ಪ:
ಮದುವೆಯಾದರು ಅನ್ನುವುದಕ್ಕೆ ಬಳಸಿ, ಮದುಮಗಳ ಕೊರಳಿಗೆ ಪತ್ತಾಕ್ ಎಂಬ ಪದಕ ಕಟ್ಟುವುದಕ್ಕೆ ಬೇಡ. ಪತ್ತಾಕ್ ಕಟ್ಟುವವರು ಹುಡುಗಿಯ ತಾಯಿ ತಾನೇ? ‘ಹರ್ ಮದರ್ ಟೈಡ್ ದ ನಾಟ್’ ಅಂದುಬಿಟ್ಟರೆ ತಾಯಿಯೇ ಮದುವೆಯಾದಂತೆ ಕೇಳಿಸುತ್ತದೆ. ‘ಹರ್ ಮದರ್ ಟೈಸ್ ದ ಪತ್ತಾಕ್ ಅರೌಂಡ್ ಹರ್ ನೆಕ್’ ಅನ್ನಿ. ಪತ್ತಾಕ್ ಪದವನ್ನು ಹಾಗೇ ಉಳಿಸಿ, ಅದು ಚಿನ್ನದ ಪದಕ ಅಂತ ಒಂದು ಮಾತು ಸೇರಿಸಿದರೆ ಸಾಕು.