‘ಸಸ್ಪೆನ್ಸ್’ ಅಂದರೆ ಗುಟ್ಟೋ, ತಳಮಳವೋ?

ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್‌ನ ಕೆಲವು ಸಿನಿಮಾಗಳನ್ನು ಹೋಲಿಸಿ ಬರೆಯುತ್ತಿದ್ದೇನೆ. ‘ಸಸ್ಪೆನ್ಸ್’ ಅನ್ನುವ ಪದದ ಹತ್ತಿರ ಬರಹ ನಿಂತಿದೆ. ಅದನ್ನೇ ಇಟ್ಟುಕೊಂಡರೆ ಆಗಲ್ವಾ ಅಂತ ನೀವು ಕೇಳಬಹುದು. ತೊಡಕಿರುವುದೇ ಅಲ್ಲಿ. ನಮ್ಮ ಮಾತಿನಲ್ಲಿ ಅದರ ಅರ್ಥ ಗುಟ್ಟು. “ಸುಮ್ನೆ ಸಸ್ಪೆನ್ಸ್ ಮಾಡಬೇಡ, ಹೇಳು” ಅನ್ನುತ್ತೇವೆ. ಕೊಲೆಗಾರ ಯಾರು ಅಂತ ಕೊನೆಯವರೆಗೂ ಬಿಟ್ಟುಕೊಡದಿದ್ದರೆ “ಸಸ್ಪೆನ್ಸ್ ಚೆನ್ನಾಗಿದೆ” ಅನ್ನುತ್ತೇವೆ.

ಹಿಚ್‌ಕಾಕ್ ಹೇಳುತ್ತಿದ್ದದ್ದು ಹೆಚ್ಚುಕಡಿಮೆ ಇದರ ಉಲ್ಟಾ. ಮೇಜಿನ ಕೆಳಗಿನ ಬಾಂಬು ಇದ್ದಕ್ಕಿದ್ದಂತೆ ಸಿಡಿದರೆ ನೋಡುವವರು ಬೆಚ್ಚುವುದು 15 ಸೆಕೆಂಡು. ಬಾಂಬು ಇದೆ ಅಂತ ಮೊದಲೇ ಅವರಿಗೆ ತೋರಿಸಿದರೆ 15 ನಿಮಿಷ ಒದ್ದಾಡುತ್ತಾರೆ. ಈ ಒದ್ದಾಟವೇ ಅವನ ಪಾಲಿಗೆ ಸಸ್ಪೆನ್ಸ್.

‘ರೋಪ್’ (1948) ನೋಡಿ. ಶುರುವಿನಲ್ಲೇ ಕೊಲೆ. ಹೆಣವಿರುವ ಪೆಟ್ಟಿಗೆಯ ಮೇಲೇ ಊಟ ಜೋಡಿಸುತ್ತಾರೆ, ಸತ್ತವನ ಅಪ್ಪನೇ ಅತಿಥಿಯಾಗಿ ಬರುತ್ತಾನೆ. ನಮಗೆ ಎಲ್ಲವೂ ಗೊತ್ತು. ‘ವರ್ಟಿಗೊ’ದಲ್ಲಿ (1958) ಇನ್ನೂ ದೊಡ್ಡ ಧೈರ್ಯ. ಮೂಲ ಕಾದಂಬರಿ ಕೊನೆಗೆ ಬಿಚ್ಚುವ ಗುಟ್ಟನ್ನು ಸಿನಿಮಾ ಎಷ್ಟೋ ಮೊದಲೇ ನಮ್ಮ ಮುಂದೆ ಇಡುತ್ತದೆ. ನಾಯಕನಿಗೆ ಮಾತ್ರ ಹೇಳುವುದಿಲ್ಲ.

‘ಸೈಕೋ’ (1960) ಬೇರೆ ಜಾತಿ. ಅಲ್ಲಿ ಗುಟ್ಟು ಕೊನೆಯವರೆಗೂ ಗುಟ್ಟೇ. ತಡವಾಗಿ ಬಂದವರನ್ನು ಥಿಯೇಟರಿನೊಳಗೆ ಬಿಡಬಾರದು ಅಂತಲೂ ಹಿಚ್‌ಕಾಕ್ ಹಟ ಹಿಡಿದಿದ್ದ. ಆದರೂ ಕೊಲೆಯನ್ನು ಮುಚ್ಚಿಹಾಕಲು ಹೆಣದ ಸಮೇತ ತಳ್ಳಿದ ಕಾರು ಕೆಸರಿನಲ್ಲಿ ಮುಳುಗುತ್ತಾ ನಡುವೆ ಒಂದು ಕ್ಷಣ ನಿಲ್ಲುತ್ತದಲ್ಲ, ಅಲ್ಲಿ ಯಾವ ಗುಟ್ಟೂ ಇಲ್ಲ. ಅದು ಮುಳುಗಲಿ ಅಂತ ನಾವೇ ಬಯಸುತ್ತಿರುತ್ತೇವೆ! (ನನಗೆ ಶವರ್ ಕೆಳಗೆ ನಡೆಯುವ ಆ ಕುಖ್ಯಾತ ಕೊಲೆಯ ದೃಶ್ಯಕ್ಕಿಂತ ಇದೇ ಜಾಸ್ತಿ ಇಷ್ಟ.)

ಈಗ ಪದಗಳಿಗೆ ಬರೋಣ. ‘ಕುತೂಹಲ’ ಅಂದರೆ ಗೊತ್ತಿಲ್ಲದ್ದನ್ನು ತಿಳಿಯುವ ಆಸೆ. ‘ಸೈಕೋ’ದ ಆ ಗುಟ್ಟಿಗೆ ಅದು ಸಾಕು, ‘ರೋಪ್’ಗೆ ಸಾಲದು. ‘ಕಾತರ’ದಲ್ಲಿ ಬೇಕಾದವರ ದಾರಿ ಕಾಯುವ ಛಾಯೆ ಇದೆ. ‘ಆತಂಕ’ದಲ್ಲಿ ಸಿನಿಮಾ ನೋಡುವ ಖುಷಿಯೇ ಇಲ್ಲ. ‘ರೋಚಕ’ವನ್ನು ಪೋಸ್ಟರುಗಳು ಸವೆಸಿಬಿಟ್ಟಿವೆ. ‘ತಳಮಳ’ ನನಗೆ ಹಿಡಿಸಿತು, ಆದರೆ ‘ತಳಮಳದ ಸಿನಿಮಾ’ ಅಂದರೆ ಯಾರದೋ ಸಂಸಾರದ ಕಥೆ ಅನ್ನಿಸುತ್ತದೆ, ಅಲ್ವಾ? ‘ಉಸಿರು ಬಿಗಿಹಿಡಿದು ನೋಡಿದೆ’ ಸರಿಯಾಗಿ ಕೂರುತ್ತದೆ. ಆದರೆ ಅದರಿಂದ ಒಂದು ನಾಮಪದ ಹುಟ್ಟುತ್ತಿಲ್ಲ.

ನಮಗೆ ಗೊತ್ತು, ಪಾತ್ರಕ್ಕೆ ಗೊತ್ತಿಲ್ಲ, ಕೂಗಿ ಹೇಳಲೂ ಆಗುವುದಿಲ್ಲ. ಈ ಸ್ಥಿತಿಗೆ ನಿಮ್ಮ ಕಡೆಯ ಮಾತಿನಲ್ಲಿ ಪದ ಇದೆಯಾ? ಹೊಸದಾಗಿ ಕಟ್ಟಿದ್ದು ಬೇಡ, ಬಾಯಲ್ಲಿ ಓಡಾಡುವಂಥದ್ದು ಬೇಕು.